ಪಂಪಕ್ಕ ಸುಮ್ಮನಿದ್ದ ಮೂರು ಸಲ

ಒಂದಾನೊಂದು ಕಾಲ, ಡೇರೆ ಹೊತ್ಕೊಂಡು ಊರೂರು ತಿರುಗಿ ನಾಟಕ ಆಡೋರ ಕಾಲ. ನೀನು ಕಣ್ಣು ಮುಚ್ಕೋ ಮಗಾ, ಕಿವಿ ತೆರೆದಿದ್ರೆ ಸಾಕು. ಆಗ ಕೊಟ್ರಯ್ಯ ಅನ್ನೋರದ್ದೊಂದು ನಾಟಕ ಕಂಪನಿ ಇತ್ತಂತೆ, ಅದರಲ್ಲಿ ಪಂಪಕ್ಕ ಅಂತ ರಾಣಿ ಪಾರ್ಟು ಮಾಡೋಳು ಇದ್ಳಂತೆ. ಇಪ್ಪತ್ತು ವರ್ಷದಿಂದ ಅವಳೇ ರಾಣಿ, ಸೊಂಟ ಹಿಡ್ಕೊಂಡ್ರೂ ಅವಳೇ ರಾಣಿ. ಕಂಪನಿಯ ಕಟ್ಟುಪಾಡೆಲ್ಲ ಅವಳ ಬಾಯಲ್ಲೇ ಇರೋದು. ಬಣ್ಣದ ಕೋಣೇಲಿ ಸಿಳ್ಳೆ ಹಾಕಬಾರದು, ಕಿರೀಟ ನೆಲಕ್ಕಿಡಬಾರದು, ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಪೂಜೆಯ ಕಾಯಿ ಒಡೆಯೋ ತನಕ ರಂಗ ತುಳೀಬಾರದು, ತುಳಿದ್ರೆ ಕಂಪನಿಗೇ ಶಾಪ ಅಂತ.

ಒಂದು ಸಂಜೆ ಏನಾಯ್ತು, ಪಂಪಕ್ಕ ತನ್ನ ಎಲೆಅಡಿಕೆ ಚೀಲವನ್ನ ರಂಗದ ಸಿಂಹಾಸನದ ಮೇಲೆ ಮರೆತು ಬಂದಿದ್ಳಂತೆ. ಎಲೆಅಡಿಕೆ ಇಲ್ದೆ ಅವಳಿಗೆ ಮಾತೇ ಹೊರಡದು. ಸಖಿ ಪಾರ್ಟಿನ ತುಂಗಿ ಆಗಲೇ ಬಣ್ಣ ಹಚ್ಕೊಂಡು ಪಕ್ಕದಲ್ಲಿ ಕೂತಿದ್ಳು. ಓಡಿ ಹೋಗಿ ತಾರೇ, ಪೂಜೆಗಿನ್ನೂ ಹೊತ್ತಿದೆ, ಯಾರೂ ನೋಡಲ್ಲ ಅಂತ ಪಂಪಕ್ಕನೇ ಕಳಿಸಿದ್ಳು. ತುಂಗಿ ಹೋಗಿ ತಂದುಕೊಟ್ಳು. ಪರದೆ ಎಳೆಯೋನು ನೋಡಿಬಿಟ್ಟ.

ಅವತ್ತೇ ಆಟದ ಮಧ್ಯೆ ಹಗ್ಗ ಹರಿದು, ಪರದೆಯ ಅರಮನೆ ರಾಜನ ತಲೆ ಮೇಲೆ ಬಿತ್ತಂತೆ. ಆ ಹಗ್ಗ ತುಂಗಿಗಿಂತ ಹಳೇದು, ಆದ್ರೂ ಹಗ್ಗವನ್ನ ಯಾರೂ ಬೈಯಲಿಲ್ಲ. ತುಂಗಿ ರಂಗ ತುಳಿದಳು ಅಂತ ಪರದೆಯವನು ಎಲ್ಲರ ಕಿವಿಗೂ ಹಾಕಿದ. ಕಳಿಸಿದ್ದು ನಾನು ಅಂತ ಪಂಪಕ್ಕ ಹೇಳಬಹುದಿತ್ತು. ನಾಚಿಕೆಯಾಯ್ತು, ಸುಮ್ಮನಿದ್ಳು.

ಆಮೇಲೆ ಮುಂದಿನ ಊರಲ್ಲಿ ರಾಜನ ಗಂಟಲು ಕಟ್ಟಿ, ಜನ ಎದ್ದು ಹೋದ್ರಂತೆ. ಹಿಂದಿನ ದಿನ ಆ ರಾಜ ಐದು ಕುಲ್ಫಿ ತಿಂದಿದ್ದ. ಅದೂ ತುಂಗಿಯ ತಲೆಗೇ ಬಂತು. ನಾಳೆ ಹೇಳಿದ್ರಾಯ್ತು ಅಂತ ಪಂಪಕ್ಕ ಸುಮ್ಮನಿದ್ಳು.

ಆಮೇಲೆ ಮೂರನೇ ಊರಲ್ಲಿ ಗಾಳಿ ಎದ್ದು ಡೇರೆಯೇ ಮಗುಚಿತಂತೆ. ಕೊಟ್ರಯ್ಯ ಎಲ್ಲರನ್ನೂ ನಿಲ್ಲಿಸಿ, ಈ ಹುಡುಗಿ ಪರವಾಗಿ ಯಾರಾದ್ರೂ ಹೇಳೋದಿದ್ರೆ ಹೇಳಿ ಅಂದ. ತುಂಗಿಯ ಹಾಡಿಗೆ ಆಗ ಊರೂರಲ್ಲೂ ಜನ ಒನ್ಸ್ ಮೋರ್ ಅನ್ನೋಕೆ ಶುರು ಮಾಡಿದ್ರು. ರಾಣಿಯ ಹಾಡಿಗೆ ಆ ಕೂಗು ನಿಂತು ಬಹಳ ದಿನ ಆಗಿತ್ತು. ಪಂಪಕ್ಕ ಸುಮ್ಮನಿದ್ಳು. ತುಂಗಿ ಟ್ರಂಕು ಎತ್ಕೊಂಡು ಹೋದ್ಳು.

ಶಾಪವೂ ಅವಳ ಜೊತೆ ಹೋಯ್ತು ಅಂದ್ಕೊಂಡ್ರೆ, ತಿಂಗಳೊಳಗೆ ಹಗ್ಗ ಮತ್ತೆ ಹರೀತಂತೆ. ಹಗ್ಗಕ್ಕೇನು ಗೊತ್ತು, ಪಾಪ. ಆದ್ರೆ ಪಂಪಕ್ಕನಿಗೆ ಗೊತ್ತಲ್ಲ. ಕನ್ನಡಿ ಮುಂದೆ ಕೂತಾಗೆಲ್ಲ ಬರೆದ ಹುಬ್ಬು ವಾರೆಯಾಗೋದು. ಹೀಗೇ ಏಳು ವರ್ಷ ತಳ್ಳಿ, ಒಂದು ದಿನ ಪೂಜೆಗೆ ಎಲ್ಲರೂ ಸೇರಿದ್ದಾಗ ಹೇಳೇಬಿಟ್ಳು. ಹಾಗಾದ್ರೆ ಈಗ ಯಾರನ್ನ ಓಡಿಸ್ಲಿ ಅಂತ ಕೊಟ್ರಯ್ಯ ಕೇಳಿದ. ನಾನೇ ಹೋಗ್ತೀನಿ, ಮೊದಲು ಅವಳನ್ನ ಕರ್ಕೊಂಡು ಬರೋಣ ಅಂದ್ಳು.

ತುಂಗಿ ಒಂದು ಮಂಡಕ್ಕಿ ಭಟ್ಟಿಯಲ್ಲಿ ದುಡೀತಿದ್ಳಂತೆ. ಹೊಗೆ ಕುಡಿದೂ ಕುಡಿದೂ ಗಂಟಲು ಒಡೆದಿತ್ತು, ಹಾಡು ಹೋಗೇಬಿಟ್ಟಿತ್ತು. ಪಂಪಕ್ಕ ಅವಳ ಕೈ ಹಿಡ್ಕೊಂಡು ಎಲ್ಲಾ ಹೇಳಿದ್ಳು. ತುಂಗಿ ಅಳಲಿಲ್ಲ, ಬೈಯಲಿಲ್ಲ.

"ಅವತ್ತು ಎಲ್ಲರೂ ನನ್ನ ಮುಖ ನೋಡ್ತಿದ್ರು ಪಂಪಕ್ಕಾ. ನಾನು ನಿಮ್ಮ ಮುಖ ನೋಡ್ತಿದ್ದೆ."

ಆಮೇಲೆ ತುಂಗಿ ಬಂದ್ಳಂತೆ, ರಾಣಿಯೂ ಆದ್ಳಂತೆ. ಆ ಒಡಕು ಗಂಟಲಲ್ಲಿ ಅವಳು ಆಡೋ ಮಾತು ಕೇಳೋಕೆ ಡೇರೆ ತುಂಬ ಜನ. ಪಂಪಕ್ಕನನ್ನ ಓಡಿಸೋಕೆ ಅವಳು ಬಿಡಲಿಲ್ಲ, ದಿನಾ ಪಂಪಕ್ಕನೇ ಅವಳ ಮುಖಕ್ಕೆ ಬಣ್ಣ ಹಚ್ಚಿ ಕಳಿಸೋಳು. ಎಲ್ಲರೂ ಉಂಡು ತಿಂದು ಚೆನ್ನಾಗೇ ಇದ್ರಂತೆ. ರಾಣಿ ಹಾಡೋ ಜಾಗ ಬಂದಾಗ ಮಾತ್ರ ಹಾರ್ಮೋನಿಯಂ ಒಂದೇ ನುಡಿಯೋದು, ತುಂಗಿ ಸುಮ್ಮನೆ ನಿಂತಿರೋಳು. ಅದು ಮುಗಿಯೋ ತನಕ ಪರದೆ ಹಿಂದೆ ಪಂಪಕ್ಕ ತಲೆ ಎತ್ತುತ್ತಿರಲಿಲ್ಲವಂತೆ. ಕತೆ ಅಷ್ಟಕ್ಕೇ ಮುಗೀತು. ಮಲಗು ಮಗಾ.