ಪಟ್ಟಿ ಹೊನ್ನಯ್ಯ ಮತ್ತು ಕೆರೆಯೊಳಗಿನ ಒಂಬತ್ತು ಜನ

ಬಹಳ ಹಿಂದೆ, ನಂದಿಗುಂಟೆ ಅನ್ನುವ ಊರಿನಲ್ಲಿ ಹೊನ್ನಯ್ಯ ಅಂತ ಒಬ್ಬನಿದ್ದ. ಎಷ್ಟು ಹಿಂದೆ ಅಂತ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಪೇಟೆಯ ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸುವುದು ಅವನ ಕೆಲಸ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಇರುತ್ತದೆ. ಹೊನ್ನಯ್ಯ ಅದನ್ನು ನೆಟ್ಟಗಿನ ಅಕ್ಷರಕ್ಕಿಂತ ಬೇಗ ಓದುತ್ತಿದ್ದನಂತೆ. ಒಂದು ಒತ್ತಕ್ಷರ ತಪ್ಪಿದರೂ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲವಂತೆ.

ಆ ಊರಿನಲ್ಲಿ ಸಮಾನ ಹಕ್ಕುಗಳ ಸಂಘ ಅಂತ ಒಂದಿತ್ತು. ಕೇರಿಯ ಜನ ಕೆರೆಯ ನೀರು ಮುಟ್ಟಬಾರದು, ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ ಅನ್ನುವ ಕಾಲದಲ್ಲಿ ಹುಟ್ಟಿದ ಸಂಘ. ಮೆರವಣಿಗೆಯಾಗಲಿ ಧರಣಿಯಾಗಲಿ, ಸಂಘದವರು ಒಬ್ಬ ಫೋಟೊದವನನ್ನು ಕರೆಸುತ್ತಿದ್ದರು. ಠಾಣೆಯಲ್ಲಿ ನಮ್ಮ ಮಾತು ನಂಬುವುದಿಲ್ಲ, ಚಿತ್ರವಾದರೂ ಮಾತಾಡಲಿ ಅಂತ. ತೆಗೆದ ಫೋಟೊಗಳನ್ನು ಒಂದು ಟ್ರಂಕಿಗೆ ಹಾಕುತ್ತಾ ಹೋದರು. ಹಿಂದೆ ಹೆಸರು ಬರೆದವರು ಯಾರೂ ಇಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿದ್ದರಲ್ಲ, ಯಾಕೆ ಬರೆಯಬೇಕು? ನಲವತ್ತು ವರ್ಷ ಕಳೆಯಿತು. ಗೊತ್ತಿದ್ದವರು ಒಬ್ಬೊಬ್ಬರಾಗಿ ಮಣ್ಣಾದರು. ಟ್ರಂಕಿನ ತಳ ತುಕ್ಕು ಹಿಡಿದು ಫೋಟೊಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು.

ಆಗ ಹೊನ್ನಯ್ಯ ಆ ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಮುಖ ನೋಡಿ ಹೆಸರು ಹೇಳುವವರನ್ನು ಹುಡುಕುತ್ತಾ ಹೊರಟನಂತೆ.

ಹನ್ನೆರಡು ಸಾವಿರ ಫೋಟೊ ಇದ್ದವು ಅನ್ನುತ್ತಾರೆ. ಸುಳ್ಳು. ಅವನು ಹೆಸರು ಬರೆದಿಟ್ಟ ದಫ್ತರದ ಕೊನೆಯ ಸಂಖ್ಯೆ ಸಾವಿರದ ನೂರ ನಲವತ್ತು. ಏಳು ವರ್ಷ ಮನೆಗೇ ಹೋಗಲಿಲ್ಲ ಅನ್ನುತ್ತಾರೆ. ಅದೂ ಸುಳ್ಳು, ಆ ಏಳು ವರ್ಷದಲ್ಲಿ ಅವನಿಗೆ ಇಬ್ಬರು ಮಕ್ಕಳಾದರು. ಆದರೆ ಅವನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ ಅನ್ನುವುದು ನಿಜ. ಮುದ್ದೆ ಮುರಿಯುವಾಗಲೂ ಯಾವುದೋ ಮುಖ ನೆನಪಾಗಿ ಕೈ ತೊಳೆದು ಎದ್ದುಬಿಡುತ್ತಿದ್ದನಂತೆ. ಇವತ್ತು ಹೋಗದಿದ್ದರೆ ನಾಳೆ ಹೇಳುವವರೇ ಇರುವುದಿಲ್ಲ ಅನ್ನುವ ಭಯ.

ಪ್ರತಿ ಫೋಟೊದ ಬೆನ್ನಿಗೆ ಸೀಸದಕಡ್ಡಿಯಲ್ಲಿ ಒಂದು ಸಂಖ್ಯೆ. ದಫ್ತರದಲ್ಲಿ ಆ ಸಂಖ್ಯೆ, ಜಾಗ, ಸಂದರ್ಭ, ಎಡದಿಂದ ಬಲಕ್ಕೆ ಯಾರು ಯಾರು, ಹೇಳಿದವರು ಯಾರು. ಅಲ್ಲಿದ್ದವರು ಇಬ್ಬರು, ಬೇರೆ ಬೇರೆಯಾಗಿ, ಒಂದೇ ಹೆಸರು ಹೇಳಬೇಕು. ಇಲ್ಲದಿದ್ದರೆ 'ಗೊತ್ತಿಲ್ಲ' ಅಂತ ಬರೆಯುತ್ತಿದ್ದ. ಜನ ಅವನಿಗೆ ಪಟ್ಟಿ ಹೊನ್ನಯ್ಯ ಅಂತ ಹೆಸರಿಟ್ಟು ಚುಡಾಯಿಸುತ್ತಿದ್ದರು. "ಹೊನ್ನಣ್ಣ, ನಿನ್ ಹೆಂಡ್ತಿ ಯಾರು ಅಂತ ಹೇಳಕ್ಕೂ ಇಬ್ಬರು ಸಾಕ್ಷಿ ಬೇಕಾ?"

"ಇನ್ನೂರು ಜನ ಬಂದಿದ್ರು ಮದುವೆಗೆ," ಅಂತಿದ್ದನಂತೆ ನಗದೆ.

ನಾಲ್ಕುನೂರ ಹದಿನೇಳನೆಯ ಫೋಟೊದಲ್ಲಿ ಕೆರೆಯೊಳಗೆ ಒಂಬತ್ತು ಗಂಡಸರಿದ್ದರು. ಮೊಣಕಾಲುದ್ದ ನೀರು, ದೂರದಿಂದ ತೆಗೆದದ್ದು. ಕೇರಿಯವರು ಮೊದಲ ಸಲ ಕೆರೆಗೆ ಇಳಿದ ದಿನ ಅದು. ಆ ಸಂಜೆ ಕಲ್ಲೇಟು ಬಿದ್ದು ಒಬ್ಬ ಸತ್ತ. ಗಾರೆ ಕೆಲಸದ ಮುತ್ತುರಾಯ. ಆಗ ಅವನ ಹೆಂಡತಿ ಬಸುರಿ. ಹುಟ್ಟಿದ ಮಗಳು ದ್ಯಾವಮ್ಮ ಅಪ್ಪನ ಮುಖ ಕಂಡವಳಲ್ಲ. ಮನೆಯಲ್ಲಿ ಅವನದೊಂದು ಚಿತ್ರವೂ ಇರಲಿಲ್ಲ. ಅವಳೇ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಾದ ಮೇಲೆ ಹೊನ್ನಯ್ಯನ ಹಿಂದೆ ಬಿದ್ದಳು. ಒಂಬತ್ತರಲ್ಲಿ ನಮ್ಮಪ್ಪ ಯಾರು, ಹೇಳು.

ಅವತ್ತಿನವರಲ್ಲಿ ಊರಲ್ಲಿ ಉಳಿದಿದ್ದವನು ಅಡವಿಯಪ್ಪ ಅನ್ನುವ ಮುದುಕ ಒಬ್ಬನೇ. ಅವನ ಕಣ್ಣಿಗೆ ಪೊರೆ. ಫೋಟೊ ಕಾಣದು, ನೆನಪು ಗಟ್ಟಿ. ಫೋಟೊದವನ ಪಕ್ಕದಲ್ಲೇ ನಿಂತಿದ್ದೆ ಅಂತ ಹೇಳಿ, ಎಡಗಡೆಯಿಂದ ಒಂಬತ್ತು ಹೆಸರನ್ನೂ ಒಪ್ಪಿಸಿದ. ಮುತ್ತುರಾಯ ಮೂರನೆಯವನು. ಎರಡನೆಯ ಸಾಕ್ಷಿ ಇಲ್ಲ. ಹೊನ್ನಯ್ಯ ಆಗುವುದಿಲ್ಲ ಅಂದ. ದ್ಯಾವಮ್ಮ ಸಂಘದ ಜಗಲಿಯಲ್ಲಿ ಮೂರು ದಿನ ಕೂತಳು, ನಾಲ್ಕನೆಯ ದಿನ ಅತ್ತಳು. ಹೊನ್ನಯ್ಯ ಒಂದೇ ಒಂದು ಸಲ ನಿಯಮ ಮುರಿದು ಬರೆದುಬಿಟ್ಟ.

ಎಡದಿಂದ ಮೂರನೆಯವನು ಮೀಸೆಯ ಪಡ್ಡೆ ಹುಡುಗ, ಎದೆ ಸೆಟೆಸಿ ನಿಂತಿದ್ದ. ದ್ಯಾವಮ್ಮ ಆ ಮುಖವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ, ದಿನಾ ದೀಪ ಹಚ್ಚಿದಳು.

ಹನ್ನೊಂದು ತಿಂಗಳಾದ ಮೇಲೆ ಕದಿರಪ್ಪ ಅನ್ನುವವನು ಊರಿಗೆ ಬಂದ. ಆ ಒಂಬತ್ತು ಜನರಲ್ಲಿ ಒಬ್ಬ. ಗಲಾಟೆಯ ಮಾರನೆಯ ದಿನವೇ ಘಟ್ಟದ ತೋಟದ ಕೆಲಸಕ್ಕೆ ಹೋದವನು, ಸತ್ತ ಅಂತಲೇ ಜನ ತಿಳಿದಿದ್ದರು. ಮುತ್ತುರಾಯನ ಮಗಳನ್ನು ಮಾತಾಡಿಸಿಕೊಂಡು ಹೋಗೋಣ ಅಂತ ಒಳಗೆ ಕಾಲಿಟ್ಟವನು ಗೋಡೆ ನೋಡಿ ನಿಂತುಬಿಟ್ಟ.

"ಏನವ್ವಾ, ನಂಗೇ ಹಾರ ಹಾಕಿದೀಯಲ್ಲ! ನಾನಿನ್ನೂ ಒಂದೇ ಏಟಿಗೆ ಎರಡು ಮುದ್ದೆ ಉಣ್ತೀನಿ."

"ನಮ್ಮಪ್ಪನ ಮುಖ ನಿಂದು ಅಂತೀಯೇನೋ ಮುದಿಯಾ? ನಡಿ ಆಚೆಗೆ!" ಅಂತ ದ್ಯಾವಮ್ಮ ಪೊರಕೆ ಎತ್ತಿಕೊಂಡಳಂತೆ.

ಕದಿರಪ್ಪ ನೇರ ಹೊನ್ನಯ್ಯನ ಹತ್ತಿರ ಬಂದ. ಬದುಕಿರುವವನ ಫೋಟೊಗೆ ಹಾರ ಹಾಕಿದರೆ ಆಯಸ್ಸು ಕಮ್ಮಿ, ತೆಗೆಸು ಅಂದ. ಹೊನ್ನಯ್ಯ ದಫ್ತರ ತೆಗೆದ. ಕದಿರಪ್ಪನ ಹೆಸರಿದ್ದದ್ದು ಬಲದಿಂದ ಮೂರನೆಯವನಿಗೆ. ಫೋಟೊ ನೋಡಿದ. ಮತ್ತೆ ನೋಡಿದ. ಒಂಬತ್ತರಲ್ಲಿ ಅಂಗಿ ತೊಟ್ಟವರು ನಾಲ್ವರು. ನಾಲ್ವರ ಜೇಬೂ ಬಲ ಎದೆಯ ಮೇಲಿತ್ತು. ಯಾವ ದರ್ಜಿ ಹಾಗೆ ಹೊಲಿಯುತ್ತಾನೆ? ಕ್ಷೌರದ ಕನ್ನಡಿ ತಂದು ಫೋಟೊ ಎದುರಿಗೆ ಹಿಡಿದ. ಕೆರೆಯ ತೂಬು ಊರಿನಲ್ಲಿ ಇರುವ ಕಡೆಗೇ ಬಂತು. ಫೋಟೊದವನು ನೆಗೆಟಿವನ್ನು ಮಗುಚಿಟ್ಟು ಪ್ರಿಂಟು ತೆಗೆದಿದ್ದ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಹಗಲೆಲ್ಲ ತಿರುಗಾಮುರುಗಾ ಅಕ್ಷರ ಓದುವ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹಾಗಾದರೆ ಮುತ್ತುರಾಯ ಬಲದಿಂದ ಮೂರನೆಯವನು. ಅವನಿಗೆ ಮುಖವೇ ಇರಲಿಲ್ಲ. ಸೊಂಟ ಬಗ್ಗಿಸಿ, ಬೊಗಸೆಯಲ್ಲಿ ನೀರು ಎತ್ತಿ ಕುಡಿಯುತ್ತಿದ್ದ. ಕಾಣುವುದು ನೆತ್ತಿ ಮತ್ತು ಎರಡು ಕೈ.

ಸಂಘದ ಅಧ್ಯಕ್ಷರು ಬೇಡ ಅಂದರು. "ಹೊನ್ನಯ್ಯನವರೇ, ಆ ಹೆಣ್ಮಗಳಿಗೆ ಒಂದು ಮುಖ ಅಂತ ಸಿಕ್ಕಿದೆ. ಯಾಕೆ ಕಿತ್ಕೋತೀರಿ? ಕದಿರಪ್ಪನ್ನ ನಾನು ಒಪ್ಪಿಸ್ತೀನಿ." ಹೊನ್ನಯ್ಯ ಎದ್ದುಹೋದ. ಮೂರು ದಿನ ಕೆರೆಯ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದನಂತೆ. ಕೂರುವನು, ಏಳುವನು, ನಡೆಯುವನು. ಮೂರು ಸಲ ದ್ಯಾವಮ್ಮನ ಬೀದಿಯವರೆಗೆ ಹೋಗಿ ಹಿಂದಕ್ಕೆ ಬಂದನಂತೆ. ನಾಲ್ಕನೆಯ ಸಲ ಹೊಸ್ತಿಲ ಆಚೆ ನಿಂತು ಹೇಳಿದ.

ದ್ಯಾವಮ್ಮ ಗೋಡೆಯ ಫೋಟೊ ಕಡೆ ತಿರುಗಿದಳು.

"ಹನ್ನೊಂದು ತಿಂಗಳು ನಾನು ಯಾರಿಗೆ ದೀಪ ಹಚ್ಚಿದೆ?"

"ಕದಿರಪ್ಪನಿಗೆ."

"ಹೇಳ್ದೆ ಇರಬೋದಿತ್ತಲ್ಲ ನೀನು."

"ಇರಬೋದಿತ್ತು ತಾಯಿ. ಆದ್ರೆ ಮಿಕ್ಕ ಎಂಟು ಜನ ಕ್ಯಾಮೆರಾ ನೋಡ್ತಾ ನಿಂತವ್ರೆ. ನೀರು ಕುಡೀತಿರೋನು ನಿಮ್ಮಪ್ಪ ಒಬ್ಬನೇ. ಅದನ್ನ ನಾನು ಇನ್ನೊಬ್ಬನ ಹೆಸರಿಗೆ ಬರೆದಿದ್ದೆ."

ಅವಳು ಬಾಗಿಲು ಹಾಕಿಕೊಂಡಳು.

ತಿಂಗಳುಗಟ್ಟಲೆ ತೆಗೆಯಲಿಲ್ಲ ಅಂತಾರೆ ಕೆಲವರು. ಅವಳ ಮೊಮ್ಮಗಳು ಹೇಳುವ ಪ್ರಕಾರ ಎಂಟನೆಯ ದಿನ ಸಂಘಕ್ಕೆ ಬಂದಳು. ಫೋಟೊ ಕೇಳಿ ಇಸಕೊಂಡು ಬಗ್ಗಿದ ನೆತ್ತಿಯ ಮೇಲೆ ಬೆರಳಿಟ್ಟು, "ಬರಿ" ಅಂದಳು. ಹೊನ್ನಯ್ಯ ಬರೆಯಲಿಲ್ಲ! ಇಬ್ಬರು ಹೇಳಬೇಕು ಅಂದ. ಕದಿರಪ್ಪನನ್ನು ಕರೆಸಿ, ಏನೂ ತೋರಿಸದೆ ಕೇಳಿದ. "ಮುತ್ತುರಾಯ ಆ ಕಡೆ ತುದಿಯಿಂದ ಮೂರನೇವ್ನು," ಅಂದ ಕದಿರಪ್ಪ. "ಫೋಟೊ ತೆಗೀತಾರೆ, ತಲೆ ಎತ್ತೋ ಅಂತ ಕೂಗ್ದೆ. ದಾಹ ಮೊದಲು ಕಣೋ ಅಂದ."

ಆಗ ಬರೆದ. ಹಳೆಯದನ್ನು ಅಳಿಸಲಿಲ್ಲ. ನಟ್ಟನಡುವಿನ ಒಂದು ಹೆಸರು ಬಿಟ್ಟು ಮಿಕ್ಕ ಎಂಟರ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದ. ಕೆಳಗೆ, "ತಪ್ಪು ಬರೆದವನು ಹೊನ್ನಯ್ಯ. ಕಾರಣ, ಒಂದೇ ಸಾಕ್ಷಿ." ಆ ಹಾಳೆ ಈಗಲೂ ಇದೆ.

ನಂದಿಗುಂಟೆಯಲ್ಲಿ ಈಗಲೂ ವರ್ಷಕ್ಕೊಮ್ಮೆ ಕೆರೆಗಿಳಿದ ದಿನ ಜನ ಏರಿಯ ಕೆಳಗೆ ಸೇರುತ್ತಾರೆ. ಭಾಷಣ ಇಲ್ಲ, ಮಾಲೆ ಇಲ್ಲ. ಆ ವರ್ಷ ಸಂಘದ ಕಾಗದಪತ್ರದಲ್ಲಿ ತಪ್ಪು ಬರೆದವರು ಒಬ್ಬೊಬ್ಬರಾಗಿ ಎದ್ದು, ಏನು ತಪ್ಪು, ಯಾರಿಗೆ ಅದರಿಂದ ನೋವಾಯಿತು, ಹೇಳುತ್ತಾರೆ. ಯಾರೂ ನಗುವುದಿಲ್ಲ, ಯಾರೂ ಸಮಾಧಾನ ಮಾಡುವುದಿಲ್ಲ. ಹೇಳಿ ಮುಗಿಸಿದವರು ಎಲ್ಲರಿಗಿಂತ ಮೊದಲು ಕೆರೆಗೆ ಇಳಿದು, ಬಗ್ಗಿ, ಬೊಗಸೆ ತುಂಬಿಕೊಂಡು ಕುಡಿಯುತ್ತಾರೆ.