ಪದ್ದಕ್ಕನ ಬಟ್ಟಲು

ಎದುರಿನವರು ಮಾತಾಡುತ್ತಿರುವಾಗ ತನ್ನ ಮುಂದಿನ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುವುದು ಒಬ್ಬ ಶಿಷ್ಯೆಯ ಅಭ್ಯಾಸ. ಒಂದು ದಿನ ಅವಳು ಗುರುಗಳನ್ನು ಕೇಳಿದಳು:

"ನಾಳೆ ನನ್ನ ಮೊದಲ ಪ್ರವಚನ, ಗುರುಗಳೇ. ಎಲ್ಲವೂ ಬಾಯಿಪಾಠವಾಗಿದೆ. ಆದರೂ ಭಯ ಹೋಗುತ್ತಿಲ್ಲ. ಏಕೆ?"

ಗುರುಗಳು ಅವಳ ತುಟಿಯನ್ನೇ ನೋಡಿ, ಒಂದು ಕತೆ ಹೇಳಿದರು.

ಟಿವಿಯ ನಗೆ ಧಾರಾವಾಹಿಯೊಂದರಲ್ಲಿ ಒಬ್ಬ ನಟಿ ಇದ್ದಳು. ಅವಳದು ಪಕ್ಕದ ಮನೆಯ ಪದ್ದಕ್ಕನ ಪಾತ್ರ. ಪದ್ದಕ್ಕ ದಿನವೂ ಬಟ್ಟಲು ಹಿಡಿದು ಬರುತ್ತಾಳೆ. "ಸ್ವಲ್ಪ ಸಕ್ಕರೆ ಕೊಡ್ತೀರಾ ಅಕ್ಕಾ? ಹಾಲು, ಕಾಫಿಪುಡಿ ಆಗಲೇ ತಗೊಂಡು ಹೋಗಿದೀನಿ," ಎನ್ನುತ್ತಾಳೆ. ಚಿತ್ರೀಕರಣದ ಜಾಗದಲ್ಲಿ ಯಾರೂ ನಗುವುದಿಲ್ಲ. ನಗುವನ್ನು ಆಮೇಲೆ ಸೇರಿಸುತ್ತಾರೆ. ಅದಕ್ಕೆಂದು ನಟಿ ಪ್ರತಿ ತಮಾಷೆಯ ನಂತರ ಒಂದಿಷ್ಟು ಹೊತ್ತು ಮಾತು ತಡೆದು ನಿಲ್ಲಬೇಕು. ಇವಳಷ್ಟು ಅಚ್ಚುಕಟ್ಟಾಗಿ ನಿಲ್ಲುವವರು ಬೇರೆ ಇರಲಿಲ್ಲ. ತರಕಾರಿ ಅಂಗಡಿಯಲ್ಲೂ ಜನ ಅವಳನ್ನು ಪದ್ದಕ್ಕ ಎಂದೇ ಕರೆಯುತ್ತಿದ್ದರು.

ವರ್ಷಗಳ ನಂತರ, ಒಂದು ಕಂತನ್ನು ಜನರ ಮುಂದೆಯೇ ಆಡಬೇಕೆಂದು ತೀರ್ಮಾನವಾಯಿತು. ಸಭಾಂಗಣ ತುಂಬಿತು. ನಟಿ ಮೊದಲ ಮಾತು ಹೇಳಿ, ಎಂದಿನಷ್ಟೇ ನಿಂತು, ಮುಂದಿನ ಮಾತಿಗೆ ಹೋದಳು. ಜನ ಇನ್ನೂ ನಗುತ್ತಿದ್ದರು. ಆ ಮಾತು ಯಾರಿಗೂ ಕೇಳಲಿಲ್ಲ. ಇನ್ನೊಂದು ತಮಾಷೆಯ ನಂತರ ನಗುವಿಗೆಂದು ನಿಂತಳು. ಯಾರೂ ನಗಲಿಲ್ಲ. ಅವಳು ಮಾತ್ರ ಬಟ್ಟಲು ಹಿಡಿದು ನಿಂತೇ ಇದ್ದಳು.

ಬಿಡುವಿನಲ್ಲಿ ನಿರ್ದೇಶಕ ಬಂದ. "ಉಳಿದರ್ಧವೂ ಹೀಗೇ ಆದ್ರೆ, ಪದ್ದಕ್ಕನನ್ನ ಮಗಳ ಬಾಣಂತನಕ್ಕೆ ಅಂತ ಊರಿಗೆ ಕಳಿಸಿಬಿಡ್ತೀನಿ. ಆಮೇಲೆ ವಾಪಸ್ ಕರೆಸೋದಿಲ್ಲ."

"ಪದ್ದಕ್ಕನಿಗೆ ಮಗಳೇ ಇಲ್ಲವಲ್ಲ ಸಾರ್!"

"ನಾಳೆ ಹುಟ್ಟಿಸ್ತೀವಿ."

ಅತ್ತೆಯ ಪಾತ್ರ ಮಾಡುವ ಹಿರಿಯ ನಟಿ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದಳು. "ಎಲ್ಲಿ ನಗಬೇಕು ಅಂತ ನಿನಗೆ ಬಾಯಿಪಾಠ ಆಗಿದೆ ಕಣೇ. ಪಾಪ, ಅವರಿಗೆ ಆಗಿಲ್ಲ," ಎಂದಳು.

ನಟಿ ಮತ್ತೆ ವೇದಿಕೆಗೆ ಬಂದಳು. ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ, "ಬಂದ್ಲು ನೋಡ್ರೇ, ಡಬ್ಬಿ ಮುಚ್ಚಿಡಿ!" ಎಂದು ಕೂಗಿದಳು. ನಟಿಗೆ ತನ್ನ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಬಟ್ಟಲನ್ನು ಅಜ್ಜಿಯ ಕಡೆಗೆ ಚಾಚಿ, "ನಿಮ್ಮನೇಲಿ ಇದೆಯಾ ಅಜ್ಜಿ?" ಎಂದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಆ ನಗು ತಾನಾಗಿ ಇಳಿಯುವವರೆಗೂ ಅವಳು ಕೇಳುತ್ತ ನಿಂತಳು.

ಪದ್ದಕ್ಕನಿಗೆ ಮಗಳು ಹುಟ್ಟಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಯ ತುಟಿ ಇನ್ನೂ ಮೆಲ್ಲಗೆ ಆಡುತ್ತಿತ್ತು.

"ಆ ಅಜ್ಜಿ ಕೂಗಿ ಹೇಳಿದ್ದೇನು, ಒಂದು ಸಲ ಹೇಳಮ್ಮ," ಎಂದರು ಗುರುಗಳು.

ತುಟಿ ನಿಂತಿತು.