ಆರನೆಯ ಸೀಸೆ

ದೊಡ್ಡಾಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಾತ್ಯಾಯಿನಿ ಎಂಬ ವೈದ್ಯೆ ಜೀವಕೋಶಗಳ ಗುರುತು ಹಿಡಿಯುವ ವಿದ್ಯೆಯನ್ನು ಕಲಿಸುತ್ತಿದ್ದರು. ಮೇಧಾ ಅವರಲ್ಲಿ ಎರಡು ವರ್ಷದಿಂದ ಕಲಿಯುತ್ತಿದ್ದಳು.

ಆ ವಿದ್ಯೆಯನ್ನು ಹೇಳುವುದು ಸುಲಭ. ಒಂದೊಂದು ಬಗೆಯ ಕೋಶದ ಮೈಮೇಲೆ ಅದರದೇ ಗುರುತುಗಳಿರುತ್ತವೆ. ಹೊಳೆಯುವ ಬಣ್ಣ ಹೊತ್ತ ಪ್ರತಿಕಾಯವು ತನ್ನ ಗುರುತನ್ನು ಹುಡುಕಿ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕೋಶಗಳು ಒಂದರ ಹಿಂದೆ ಒಂದು ಯಂತ್ರದ ಬೆಳಕಿನ ಮುಂದೆ ಹಾದುಹೋಗುತ್ತವೆ. ಹೊಳೆದರೆ ಗುರುತು ಇದೆ ಎಂದು ಅರ್ಥ.

ಮಂಗಳವಾರ ಬೆಳಿಗ್ಗೆ ಮೇಧಾ ಗುರುಗಳ ಮೇಜಿನ ಮೇಲೆ ವರದಿಯನ್ನಿಟ್ಟಳು.

“ಭೂಮಿಕಾ, ಏಳು ವರ್ಷ. ರಕ್ತದ ಕ್ಯಾನ್ಸರ್ ಮರುಕಳಿಸಿದೆ ಮೇಡಂ. ನೀವು ಸಹಿ ಹಾಕಿದರೆ ಇವತ್ತೇ ಉಗ್ರ ಔಷಧ ಶುರುಮಾಡುತ್ತಾರೆ.”

“ಎಷ್ಟು ಪ್ರತಿಕಾಯ ಹಾಕಿದೆ?”

“ಐದು. ಐದೂ ಹೊಳೆದವು. ಇಷ್ಟು ಸ್ಪಷ್ಟವಾಗಿ ನಾನು ಎಂದೂ ನೋಡಿರಲಿಲ್ಲ.”

“ಐದಕ್ಕೆ ಐದು! ಪರೀಕ್ಷೆಯಲ್ಲಿ ನಿನಗೂ ಅಷ್ಟು ಬಂದಿರಲಿಲ್ಲ.”

ಮೇಧಾ ನಕ್ಕಳು. ಕಾತ್ಯಾಯಿನಿ ನಗಲಿಲ್ಲ. ಶೀತಪೆಟ್ಟಿಗೆಯಿಂದ ಆರನೆಯ ಪ್ರತಿಕಾಯದ ಸೀಸೆಯನ್ನು ತೆಗೆದು ಅವಳ ಮುಂದಿಟ್ಟರು.

“ಮಗುವಿನ ಎಲುಬಿನಿಂದ ತೆಗೆದ ಮಜ್ಜೆಯಲ್ಲಿ ಉಳಿದದ್ದಕ್ಕೆ ಇದನ್ನೂ ಹಾಕು.”

“ಇದರ ಗುರುತು ಈ ಕಾಯಿಲೆಯ ಕೋಶದಲ್ಲಿ ಇರುವುದೇ ಇಲ್ಲ ಮೇಡಂ.”

“ಹಾಕು.”

ಮೇಧಾ ಹಾಕಿದಳು. ಒಂದು ಗಂಟೆಯ ಬಳಿಕ ಪರದೆಯ ಮೇಲೆ ಆರನೆಯದೂ ಹೊಳೆಯಿತು, ಉಳಿದ ಐದರಷ್ಟೇ ಪ್ರಖರವಾಗಿ.

ಮೇಧಾ ಸೀಸೆಯ ಚೀಟಿಯನ್ನು ಮತ್ತೊಮ್ಮೆ ಓದಿದಳು.

“ಮಜ್ಜೆ ಯಾವಾಗ ಬಂತು?” ಎಂದರು ಕಾತ್ಯಾಯಿನಿ.

“ಶನಿವಾರ ಸಂಜೆ.”

“ಎಲ್ಲಿಟ್ಟಿದ್ದೆ?”

ಮೇಧಾಗೆ ಆಗ ನೆನಪಾಯಿತು. ಚೀಲ ಹೆಗಲಿಗೇರಿಸಿದ್ದಳು, ಬಸ್ಸಿಗೆ ಹೊತ್ತಾಗಿತ್ತು. ಮಜ್ಜೆಯ ಸೀಸೆ ಶೀತಪೆಟ್ಟಿಗೆ ಸೇರದೆ ಈ ಮೇಜಿನ ಮೇಲೆಯೇ ಉಳಿದಿತ್ತು. ಭಾನುವಾರ ಹೋಯಿತು, ಸೋಮವಾರದ ರಜೆಯೂ ಹೋಯಿತು. ಏಪ್ರಿಲ್ ತಿಂಗಳ ಸೆಕೆ, ಮುಚ್ಚಿದ ಕೋಣೆ.

“ಕೋಶಗಳು ಸತ್ತಿವೆ,” ಎಂದಳು.

“ಸತ್ತ ಕೋಶ ಯಾವ ಬಣ್ಣ ಕೊಟ್ಟರೂ ಹಿಡಿಯುತ್ತದೆ. ಬದುಕಿದೆಯೇ ಎಂದು ಮೊದಲು ನೋಡಬೇಕು. ನೀನು ನೋಡಲಿಲ್ಲ.” ಕಾತ್ಯಾಯಿನಿ ವರದಿಯನ್ನು ಎರಡಾಗಿ ಹರಿದರು. “ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಮತ್ತೆ ಮಜ್ಜೆ ತೆಗೆಯಬೇಕು. ತಾಯಿಗೆ ನೀನೇ ಹೇಳಿ ಒಪ್ಪಿಗೆ ತಾ.”

ತಾಯಿ ಹುಲಿಗೆವ್ವ ಕೊಪ್ಪಳದ ಕಡೆಯವಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಮಗಳ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಶನಿವಾರದಿಂದಲೂ ಅಲ್ಲಿಯೇ ಇದ್ದಳು.

“ಅಮ್ಮಾ, ಭೂಮಿಕಾಗೆ ಇನ್ನೊಮ್ಮೆ ಸೊಂಟದ ಎಲುಬಿಗೆ ಸೂಜಿ ಹಾಕಬೇಕು.”

“ಹೂಂ ರೀ.”

“ಮೊದಲು ತೆಗೆದದ್ದು ಕೆಟ್ಟುಹೋಯಿತು. ನನ್ನದೇ ತಪ್ಪು.”

“ಹೂಂ ರೀ.”

“ಇಲ್ಲಿ ಹೆಬ್ಬೆಟ್ಟು ಒತ್ತುತ್ತೀರಾ?”

“ಹೂಂ ರೀ.”

ಹುಲಿಗೆವ್ವ ಒತ್ತಿದಳು. ಮೇಧಾ ಹಗುರವಾದ ಹೆಜ್ಜೆಯಲ್ಲಿ ಮೆಟ್ಟಿಲಿಳಿದು ಬಂದಳು.

“ಒಪ್ಪಿದರು ಮೇಡಂ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಒಂದು ಮಾತೂ ಆಡಲಿಲ್ಲ.”

“ಏನು ಹೇಳಿದರೂ ಒಪ್ಪಿದರೇ?”

“ಎಲ್ಲದಕ್ಕೂ.”

ಕಾತ್ಯಾಯಿನಿ ಆರನೆಯ ಸೀಸೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದರು.

ಮೇಧಾ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ ಮೆಟ್ಟಿಲು ಹತ್ತಿದಳು.

“ಅಮ್ಮಾ,” ಎಂದಳು. ಸುಳ್ಳೆಂದು ಗೊತ್ತಿದ್ದೂ ಕೇಳಿದಳು. “ಭೂಮಿಕಾ ನಿಮ್ಮ ಮಗಳಲ್ಲ, ಪಕ್ಕದ ಮನೆಯವರ ಕೂಸು, ಹೌದಲ್ಲವೇ?”

“ಹೂಂ ರೀ,” ಅಂದಳು ಹುಲಿಗೆವ್ವ, ಗೋಡೆಯನ್ನು ನೋಡುತ್ತ.

ಮೇಧಾ ಹೆಬ್ಬೆಟ್ಟಿನ ಕಾಗದವನ್ನು ಹರಿದು ಜೇಬಿಗೆ ಹಾಕಿಕೊಂಡಳು. ಕ್ಯಾಂಟೀನಿನಿಂದ ಎರಡು ಇಡ್ಲಿ, ಒಂದು ಲೋಟ ಚಹಾ ತಂದಳು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. ಏನನ್ನೂ ಕೇಳಲಿಲ್ಲ.

ಚಹಾ ಆರಿತು. ಇನ್ನೊಂದು ತಂದಳು. ಹುಲಿಗೆವ್ವ ಅದನ್ನು ಕುಡಿದಳು, ಇಡ್ಲಿಯ ಒಂದು ತುಂಡನ್ನು ನುಂಗಿದಳು. ಮತ್ತೆ ಬಹಳ ಹೊತ್ತಾದ ಮೇಲೆ ಮೊದಲ ಬಾರಿಗೆ ಮೇಧಾಳ ಮುಖವನ್ನು ನೋಡಿದಳು.

“ಏನ್ ಕೆಟ್ಟತು ಅಂದ್ರಿ ನೀವು?”

ಮೇಧಾ ಮೊದಲಿನಿಂದ ಹೇಳಿದಳು. ಶನಿವಾರದ ಬಸ್ಸನ್ನೂ ಬಿಡಲಿಲ್ಲ.

ಹುಲಿಗೆವ್ವ ಎದ್ದು ನಿಂತಳು. ಚಪ್ಪಲಿಗಳು ನೆಲಕ್ಕೆ ಬಿದ್ದವು.

“ಆ ಸೂಜಿ ಚುಚ್ಚಿದಾಗ ನನ್ನ ಕೂಸು ಹೆಂಗ ಒದರತೈತಿ, ಕೇಳೀರೇನು ನೀವು? ನಾಲ್ಕು ಮಂದಿ ಹಿಡ್ಕೋತಾರ ಅದನ್ನ! ನಿಮಗ ಬಸ್ಸ ದೊಡ್ಡದಾತೇನು? ಬ್ಯಾಡ! ಅದರ ಮೈ ಮುಟ್ಟಬ್ಯಾಡ್ರಿ! ನಡೀರಿ ಇಲ್ಲಿಂದ!”

ವಾರ್ಡಿನ ಜನರೆಲ್ಲ ತಿರುಗಿ ನೋಡಿದರು. ಮೇಧಾ ತಲೆ ತಗ್ಗಿಸಿ, ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದಳು.

ಕಾತ್ಯಾಯಿನಿ ಹೊಸ ಸೀಸೆಯ ಮೇಲೆ ಮಗುವಿನ ಹೆಸರನ್ನು ಬರೆಯುತ್ತಿದ್ದರು.

“ಬೇಡ ಅನ್ನುತ್ತಿದ್ದಾರೆ ಮೇಡಂ,” ಎಂದಳು ಮೇಧಾ. “ನನ್ನನ್ನು ಓಡಿಸಿದರು.”

“ಬದುಕಿದ್ದಾರೆ,” ಎಂದರು ಕಾತ್ಯಾಯಿನಿ, ತಲೆಯೆತ್ತದೆ. “ಈಗ ಹೋಗಿ ಒಪ್ಪಿಗೆ ಕೇಳು.”